ಗೇರ್ ಬಾಕ್ಸಿಗೆ ಸುರಿದ ತೀರ್ಥ

ನನ್ನ ಕೈಯಿಂದ ಯಾರೂ ನೀರು ಈಸಿಕೊಳ್ಳುವುದಿಲ್ಲ. ಡೀಸೆಲ್ ನಾತ ಹೊಡೆಯುತ್ತದೆ ಎನ್ನುತ್ತಾರೆ. ಸುಳ್ಳು. ನಾನು ಡೀಸೆಲ್ ಮುಟ್ಟುವ ಮೊದಲೂ ಈಸಿಕೊಳ್ಳುತ್ತಿರಲಿಲ್ಲ. ಈಗ ಹೇಳಿಕೊಳ್ಳಲು ಅವರಿಗೊಂದು ಮರ್ಯಾದೆಯ ಕಾರಣ ಸಿಕ್ಕಿದೆ, ಅಷ್ಟೇ.

ನನ್ನ ಹೆಸರು ರುಕ್ಮಿಣಿಬಾಯಿ. ಜೇವರ್ಗಿಯಿಂದ ಯಡ್ರಾಮಿಗೆ ಹೋಗುವ ರಸ್ತೆಯ ಬದಿಗೆ ಜಗದೇವಪ್ಪ ಸಾವ್ಕಾರನ ಕಲ್ಲಿನ ಖಣಿ ಇದೆ. ಖಣಿಯ ಮೇಲುಗಡೆ ಕಲ್ಲು ಪುಡಿ ಮಾಡುವ ಖಡಿ ಮಶೀನು, ಅದರ ಪಕ್ಕ ತಗಡಿನ ಶೆಡ್ಡು. ಸಾವ್ಕಾರನ ಟಿಪ್ಪರುಗಳು ಕೆಟ್ಟರೆ ಆ ಶೆಡ್ಡಿಗೆ ಬರುತ್ತವೆ. ಖಾಜಾ ಮಿಸ್ತ್ರಿ ಬಿಚ್ಚುತ್ತಾನೆ, ನಾನು ತೊಳೆಯುತ್ತೇನೆ. ಅರ್ಧ ಕೊಯ್ದ ಡ್ರಮ್ಮಿನಲ್ಲಿ ಡೀಸೆಲ್ ತುಂಬಿ, ಕುಕ್ಕರಗಾಲಲ್ಲಿ ಕುಳಿತು, ಗಾಲಿಯ ಬೇರಿಂಗು, ಹಲ್ಲಿನ ಚಕ್ರ, ನಟ್ಟು ಬೋಲ್ಟು ಎಲ್ಲ ತಿಕ್ಕುತ್ತೇನೆ. ಬೆರಳ ಸಂದಿಯಲ್ಲಿ ಚರ್ಮ ಸೀಳಿದೆ. ಉಗುರುಗಳು ಹಳದಿಯಾಗಿ ಮೆತ್ತಗಾಗಿವೆ. ಪುಂಡಿಪಲ್ಲೆಗೆ ಖಾರ ಕಲಸಿದ ದಿನ ಕಣ್ಣಲ್ಲಿ ನೀರು ಬರುತ್ತದೆ. ಒಮ್ಮೆ ಕೈಗೆ ರಬ್ಬರಿನ ಗ್ಲೌಸು ಕೇಳಿದೆ. ಸಾವ್ಕಾರ ನಕ್ಕ.

"ನಿಮ್ಮ ಚರ್ಮ ಗಟ್ಟಿ ಇರ್ತದ ಬೇ. ನಿಮಗ್ಯಾಕ ರಬ್ಬರ?"

ಸುತ್ತ ನಿಂತವರೂ ನಕ್ಕರು. ನಾನು ಮತ್ತೆ ಕೇಳಲಿಲ್ಲ.

ನನ್ನ ತವರು ಅಫಜಲಪುರ ತಾಲ್ಲೂಕಿನ ಅತನೂರ. ಅವ್ವ ಬೇಗ ಹೋದಳು. ತಮ್ಮ ದೇವಾನಂದನನ್ನು ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಅವನು ದೊಡ್ಡವನಾಗಿ ಚಂದ್ರಪುರದ ಕಡೆ ಕಲ್ಲಿದ್ದಲು ಖಣಿಗೆ ಹೋದ. ಅಲ್ಲಿ ಮನೆಯಷ್ಟು ಎತ್ತರದ ಗಾಡಿಗಳನ್ನು ಓಡಿಸಲು ಕಲಿತ. ಆ ಗಾಡಿಗಳಿಗೆ ಕ್ಲಚ್ಚು ಇಲ್ಲ. ಗೇರು ತಾನೇ ಬೀಳುತ್ತದೆ, ತಾನೇ ಏಳುತ್ತದೆ. ಕಾಲಿಗೆ ಕೆಲಸ ಕಡಿಮೆ, ತಲೆಗೆ ಜಾಸ್ತಿ ಎನ್ನುತ್ತಿದ್ದ.

ಆಳಂದದ ಕಡೆ ರಸ್ತೆ ಮಾಡುವ ಗುತ್ತಿಗೆ ಹಿಡಿದ ವರ್ಷ ಜಗದೇವಪ್ಪ ಸಾವ್ಕಾರ ಅಂಥದೇ ಒಂದು ಟಿಪ್ಪರು ತಂದ. ಇಲ್ಲಿನ ಡ್ರೈವರುಗಳು ಹತ್ತಿದರು. ಇಲ್ಲದ ಕ್ಲಚ್ಚನ್ನು ಎಡಗಾಲು ಹುಡುಕಿ ಬ್ರೇಕ್ ತುಳಿಯುವುದು, ಗಾಡಿ ಗಕ್ಕನೆ ನಿಲ್ಲುವುದು, ಹಣೆ ಗಾಜಿಗೆ ಬಡಿಯುವುದು. ನಾಲ್ಕು ಮಂದಿಯ ಹಣೆಗೆ ಬುಗುಟೆ ಎದ್ದ ಮೇಲೆ ಸಾವ್ಕಾರನೇ ನನ್ನ ಗುಡಿಸಲ ತನಕ ಬಂದ. "ನಿನ್ನ ತಮ್ಮಗ ಬಾ ಅನ್ನು" ಎಂದ. ಬೇಕಾದಾಗ ನಮ್ಮ ಗುಡಿಸಲ ದಾರಿ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ದೇವಾನಂದ ಬಂದ. ಸಾವ್ಕಾರನ ಮಗ ಶಾಂತಕುಮಾರನಿಗೆ ಗಾಡಿ ಹುಚ್ಚು. ಅಂಗಳದಲ್ಲಿ ಅವನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ನನ್ನ ತಮ್ಮನೇ. ತಮ್ಮ ಇಳಿದ ಸೀಟಿನ ಮೇಲೆ ಶಾಂತಕುಮಾರ ಟವೆಲ್ ಹಾಸಿ ಕುಳಿತುಕೊಳ್ಳುತ್ತಿದ್ದ. ವಿದ್ಯೆ ನೇರ ಈಸಿಕೊಳ್ಳಬಹುದು, ಸೀಟಿಗೆ ಮಾತ್ರ ಟವೆಲ್ ಬೇಕು. ನಾನು ಇದನ್ನು ಹೇಳಿದರೆ ದೇವಾನಂದ, "ಇರಲಿ ಬಿಡ ಅಕ್ಕಾ, ಟವಲ್ ಅವಂದು" ಎಂದು ನಗುತ್ತಿದ್ದ. ಅವನಿಗೆ ಸಿಟ್ಟು ಬೇಗ ಬರುತ್ತಿರಲಿಲ್ಲ. ನಮ್ಮಿಬ್ಬರ ಪಾಲಿನ ಸಿಟ್ಟೂ ನನಗೇ ಬಂದಿದೆ.

ದಸರೆಯ ಖಂಡೆ ಪೂಜೆ ಬಂತು, ಗಾಡಿ ಸಲಕರಣೆಗಳಿಗೆ ಪೂಜೆ ಮಾಡುವ ದಿನ. ಬೆಳಗಾಗುವ ಹೊತ್ತಿಗೆ ನಾನು ಟಿಪ್ಪರಿನ ಗಾಲಿಗಳನ್ನೆಲ್ಲ ಬ್ರಶ್ಶಿನಿಂದ ತಿಕ್ಕಿ ಮುಗಿಸಿದ್ದೆ. ತಮ್ಮ ಮೇಲೆ ಹತ್ತಿ ತೊಳೆದ. ಅದರ ನಂತರ ನಾವು ದೂರ ನಿಲ್ಲಬೇಕು. ಅಲ್ಲಿನ ಕಟ್ಟಳೆ ಹಾಗೆ. ಹೊಲಸು ಇರುವ ತನಕ ಗಾಡಿ ನಮ್ಮದು. ವಿಭೂತಿ ಬಿದ್ದ ಮೇಲೆ ಮರುದಿನ ಸೂರ್ಯ ಹುಟ್ಟುವ ತನಕ ನಮ್ಮ ಓಣಿಯವರು ಯಾರೂ ಅದನ್ನು ಮುಟ್ಟುವ ಹಾಗಿಲ್ಲ.

ಸಾವ್ಕಾರನ ಅಪ್ಪ ಚಂದ್ರಾಮಪ್ಪ ಪೂಜೆಗೆ ಕುಳಿತ. ಊರಲ್ಲಿ ಅವನನ್ನು ದೊಡ್ಡ ಸಾವ್ಕಾರ ಎನ್ನುತ್ತಾರೆ. ಗಾಡಿಗೆ ಚೆಂಡು ಹೂವಿನ ಹಾರ ಹಾಕಿದರು, ಜೋಳದ ದಂಟು ಕಟ್ಟಿದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಶಾಂತಕುಮಾರ ಹತ್ತಿ ಒಂದು ಸುತ್ತು ಹೊಡೆಯಬೇಕಿತ್ತು.

ಅಷ್ಟರಲ್ಲಿ ದೇವಾನಂದ ಮುಂದೆ ಹೋದ. ಚಂದ್ರಪುರದ ರೂಢಿ ಅವನ ಕೈಗೆ ಅಂಟಿತ್ತು. ಅಲ್ಲಿ ಎಣ್ಣೆ ನೋಡದೆ ಗಾಡಿ ಬೇರೆಯವರ ಕೈಗೆ ಕೊಡುವಂತಿರಲಿಲ್ಲ. ಗೇರ್ ಬಾಕ್ಸಿನ ಕೊಳವೆಯಿಂದ ಎಣ್ಣೆ ನೋಡುವ ಕಡ್ಡಿ ಎಳೆದ. ಅರಿವೆಯಿಂದ ಒರೆಸಿದ. ಮತ್ತೆ ಅದ್ದಿ ತೆಗೆದು ಬಿಸಿಲಿಗೆ ಹಿಡಿದ. ಎಣ್ಣೆ ಕೆಂಪಗೆ ಹೊಳೆಯಿತು. ಪೂಜೆ ಆಗಿದೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಚಂದ್ರಾಮಪ್ಪ ಎದ್ದು ನಿಂತ.

"ಏನ್ ಮಾಡ್ದಿಲೇ?"

"ಎಣ್ಣಿ ನೋಡಿದೆ ರೀ ಯಪ್ಪಾ."

"ಒಳಗ ಕೈ ಹಾಕಿದೇನು?"

"ಕೈ ಅಲ್ರಿ, ಕಡ್ಡಿ."

"ಹೊರಗ ಮುಟ್ಟಿದ್ರ ಹೊರಗ ತೊಳದು ಬಿಡ್ತಿದ್ದೆ. ಈ ಸೂಳಿಮಗ ಒಳಗ ಮುಟ್ಯಾನ. ಒಳಗೂ ತೊಳೀಬೇಕು ಈಗ."

ಮುದುಕ ತಾಮ್ರದ ಕೊಡ ಎತ್ತಿಕೊಂಡ. ಅದರಲ್ಲಿ ಸಂಗಮದಿಂದ ತಂದ ನೀರು, ಅದಕ್ಕೆ ಬೆರೆಸಿದ ಗೋಮೂತ್ರ. ನೇರವಾಗಿ ಆ ಕೊಳವೆಯ ಹತ್ತಿರ ಬಂದ. ದೇವಾನಂದ ಅಂಗೈಯಿಂದ ಕೊಳವೆಯ ಬಾಯಿ ಮುಚ್ಚಿದ.

"ಬ್ಯಾಡ್ರಿ ಯಪ್ಪಾ. ನಿಮ್ಮ ಕಾಲು ಬೀಳ್ತೇನಿ. ಇದರಾಗ ನೀರು ಹೋದ್ರ ಗಾಡಿ ಸಾಯ್ತದ್ರಿ. ಗುಡ್ಡ ಹತ್ತೂದಿಲ್ಲ, ಯಾರರೆ ಸಾಯ್ತಾರ."

ಜಗದೇವಪ್ಪ ಕಾಲಿನ ಚಪ್ಪಲಿ ತೆಗೆದ. ನನ್ನ ತಮ್ಮನ ಗದ್ದಕ್ಕೆ, ಕಿವಿಗೆ, ಕೊಳವೆ ಮುಚ್ಚಿದ ಕೈಗೆ ಬಡಿದ. ಎಷ್ಟು ಬಡಿದನೋ ನಾನು ಎಣಿಸಲಿಲ್ಲ. ತಮ್ಮ ಕೈ ತೆಗೆದ. ಮುದುಕ ಕೊಡ ಬಗ್ಗಿಸಿದ. ನೀರು ಗುಳುಗುಳು ಎಂದು ಒಳಗೆ ಇಳಿಯಿತು. ಸುತ್ತ ನಿಂತವರು ಕೈ ಮುಗಿದರು. ಕೊಡ ಪೂರ್ತಿ ಖಾಲಿಯಾಯಿತು.

ಜಗದೇವಪ್ಪನಿಗೆ ಗೊತ್ತಿತ್ತು. ಅವನ ಮುಖ ನಾನು ನೋಡಿದ್ದೇನೆ. ನೀರು ಇಳಿಯುವಾಗ ಅವನ ಕೆಳತುಟಿ ಹಲ್ಲಿನ ನಡುವೆ ಇತ್ತು. ಆದರೆ ಅಪ್ಪನ ಕೈಯಿಂದ ಕೊಡ ಕಸಿಯುವ ಗಂಡಸುತನ ಅವನಿಗಿರಲಿಲ್ಲ. ಆ ಗಂಡಸುತನ ನಮ್ಮ ಮುಂದೆ ಮಾತ್ರ ಬರುತ್ತದೆ.

ಮುದುಕ ಮನೆಗೆ ಹೋದ ಮೇಲೆ ದೇವಾನಂದ ಸಾವ್ಕಾರನ ಹತ್ತಿರ ಹೋದ. ಕಿವಿಯಿಂದ ರಕ್ತ ಸೋರುತ್ತಿತ್ತು. ಎಂಜಿನ್ ಚಾಲೂ ಮಾಡುವ ಮೊದಲು ಎಣ್ಣೆಯೆಲ್ಲ ಬಸಿದು ಬಿಡೋಣ ಎಂದ. ಈಗ ಬಸಿದರೆ ಗಾಡಿ ಉಳಿಯುತ್ತದೆ ಎಂದ.

"ತೀರ್ಥಾ ಬಸದು ಮಣ್ಣಿಗಿ ಚೆಲ್ಲಿದ್ರ ನಮ್ಮಪ್ಪ ಸುಮ್ಮ ಕುಂದ್ರತಾನೇನಲೇ? ಊರಾಗ ನಾ ಮುಖಾ ಹ್ಯಾಂಗ ತೋರಸ್ಲಿ? ಓಡಸು. ಕಾಯ್ದ್ರ ಆವಿ ಆಗಿ ಹೋಗ್ತದ."

ಮರುದಿನ ನಮ್ಮ ಓಣಿಯವರು ಬಿಳಿ ಬಟ್ಟೆ ಉಟ್ಟು ಕಲಬುರಗಿಗೆ ಹೋಗುವ ದಿನ. ಬುದ್ಧನ ವಿಹಾರದಲ್ಲಿ ಕೂಡುವ ದಿನ. ದೇವಾನಂದ ಹೊಸ ಬಿಳಿ ಅಂಗಿ ಹೊಲಿಸಿದ್ದ. ಕಿವಿ ಬಾತುಕೊಂಡಿದೆ, ಮಂದಿ ಕೇಳಿದರೆ ಏನು ಹೇಳಲಿ ಎಂದು ಹೋಗಲಿಲ್ಲ. ಅಂಗಿ ಮಡಿಚಿ ಪೆಟ್ಟಿಗೆಯಲ್ಲಿಟ್ಟ.

ಗಾಡಿ ಓಡಿತು. ಮೊದಮೊದಲು ಏನೂ ಆಗಲಿಲ್ಲ. ಚಂದ್ರಾಮಪ್ಪ ಕಟ್ಟೆಯ ಮೇಲೆ ಕುಳಿತು ಮಂದಿಗೆ ತೋರಿಸಿದ, ನೋಡ್ರಿ ಹ್ಯಾಂಗ ಓಡಾಕತ್ತದ ಎಂದು. ಆಮೇಲೆ ಗಾಡಿ ನಡುಗತೊಡಗಿತು. ಏರು ಹತ್ತುವಾಗ ಎಂಜಿನ್ ಒದರುತ್ತಿತ್ತು, ಗಾಲಿ ನಿಧಾನವಾಗುತ್ತಿತ್ತು. ಇಳಿಜಾರಿನಲ್ಲಿ ಇಂಥ ಗಾಡಿಯನ್ನು ಗೇರ್ ಬಾಕ್ಸೇ ಹಿಡಿದು ಇಳಿಸುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಎಣ್ಣೆ ಕೆಟ್ಟ ಮೇಲೆ ಅದು ಹಿಡಿಯುವುದನ್ನು ಬಿಟ್ಟಿತು. ಭಾರವೆಲ್ಲ ಬ್ರೇಕಿನ ಮೇಲೆ ಬಿತ್ತು. ಸಂಜೆ ಗಾಡಿ ಶೆಡ್ಡಿಗೆ ಬಂದರೆ ಗಾಲಿಗಳಿಂದ ಸುಟ್ಟ ವಾಸನೆ ಬರುತ್ತಿತ್ತು.

ಒಂದು ದಿನ ಖಾಲಿ ಗಾಡಿಯೇ ಏರು ಹತ್ತಲಿಲ್ಲ. ಖಾಜಾ ಮಿಸ್ತ್ರಿ ಗೇರ್ ಬಾಕ್ಸ್ ಬಿಚ್ಚಿದ. ಅಡಿಯಲ್ಲಿ ನಾನು ತಗಡಿನ ಬುಟ್ಟಿ ಹಿಡಿದು ಮಲಗಿದ್ದೆ. ಬೋಲ್ಟು ಸಡಿಲಾಗುತ್ತಲೇ ಎಣ್ಣೆ ನನ್ನ ತೋಳಿನ ಮೇಲೆ, ಕುತ್ತಿಗೆಯ ಮೇಲೆ ಇಳಿಯಿತು. ಕೆಂಪಾಗಿರಬೇಕಾದ ಎಣ್ಣೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ದಪ್ಪಗೆ, ನೊರೆನೊರೆಯಾಗಿ, ಕೆಟ್ಟ ಹಾಲಿನಂತೆ ಇತ್ತು. ಅದರಿಂದ ಗೋಮೂತ್ರದ ವಾಸನೆ ಇನ್ನೂ ಹೋಗಿರಲಿಲ್ಲ. ದೊಡ್ಡ ಸಾವ್ಕಾರನ ತೀರ್ಥ ಕೊನೆಗೆ ನನ್ನ ಮೈಮೇಲೆ ಬಿತ್ತು.

ಒಳಗೆ ಗುಂಡನೆಯ ಪ್ಲೇಟುಗಳಿರುತ್ತವೆ, ಒಂದರ ಮೇಲೊಂದು, ರೊಟ್ಟಿ ಒಟ್ಟಿದ ಹಾಗೆ. ಉಕ್ಕಿನ ಬಿಲ್ಲೆ, ಅದರ ಮೇಲೆ ಅಂಟು ಹಚ್ಚಿ ಕೂಡಿಸಿದ ಕಂದು ಪದರ. ಆ ಪದರ ಒಂದಕ್ಕೊಂದು ಕಚ್ಚಿ ಹಿಡಿದರೆ ಗಾಡಿ ಎಳೆಯುತ್ತದೆ. ನೀರು ಕುಡಿದು ಅಂಟು ಬಿಟ್ಟಿತ್ತು. ಡೀಸೆಲ್‌ನಲ್ಲಿ ಅದ್ದಿ ಹೆಬ್ಬೆರಳು ಆಡಿಸಿದರೆ ಪದರ ನೆನೆದ ರೊಟ್ಟಿಯ ಹಾಗೆ ಬೆರಳಿಗೆ ಬಂತು.

ಮಿಸ್ತ್ರಿ ಸಾವ್ಕಾರನನ್ನು ಕರೆದ. "ಇವೆಲ್ಲಾ ಬದಲ್ ಮಾಡಬೇಕ್ರಿ. ಎಣ್ಣಿ ತಂಪು ಮಾಡೋ ಪೈಪಿನ್ಯಾಗೂ ಹೊಲಸು ನಿಂತದ. ಅದೂ ತೆಗೀಬೇಕು. ಸಾಮಾನು ಪುಣೆಯಿಂದ ಬರಬೇಕ್ರಿ."

"ಅಲ್ಲಿತನಕಾ ಆಳಂದ ಕೆಲಸಾ ನಿಂದ್ರಸ್ಲ್ಯಾ? ಒಣಗಸು. ಹೊಸಾ ಎಣ್ಣಿ ಹಾಕಿ ಕೂಡಸು."

"ಸಾವ್ಕಾರ್ರಿ, ಅಲ್ಲಾನ ಆಣಿ ಮಾಡಿ ಹೇಳ್ತೇನಿ, ಲೋಡ್ ಹಾಕಿದ್ರ ಇದು ಹಿಡಿಯಂಗಿಲ್ಲ."

"ನಿನ್ನ ಮಗಳು ಮಹೆಕ ನಮ್ಮ ಅಂಗಡ್ಯಾಗ ಕೆಲಸಾ ಮಾಡ್ತಾಳ ಅಲ್ಲ?" ಎಂದ ಸಾವ್ಕಾರ. ಅಷ್ಟೇ ಅಂದದ್ದು. ಮಿಸ್ತ್ರಿ ನಟ್ಟು ತಿರುವುವ ಪಾನಾ ಎತ್ತಿಕೊಂಡ.

ನಾನು ಪ್ಲೇಟುಗಳನ್ನು ತಗಡಿನ ಮೇಲೆ ಹರವಿದೆ, ಸಂಡಿಗೆ ಒಣಗಿಸುವ ಹಾಗೆ. ಬಿಸಿಲಿಗೆ ತಿರುಗಿಸಿ ತಿರುಗಿಸಿ ಹಾಕಿದೆ. ಪದರ ಕಿತ್ತವುಗಳನ್ನು ಮಿಸ್ತ್ರಿ ಒಳಗಿನ ಸಾಲಿಗೆ ಹಾಕಿದ, ಮೇಲೆ ಕಾಣದ ಹಾಗೆ.

ದೇವಾನಂದ ಓಡಿಸುವುದಿಲ್ಲ ಎಂದ. ಸಾವ್ಕಾರ ಅವನನ್ನು ಶೆಡ್ಡಿನ ಹಿಂದೆ ಕರೆದೊಯ್ದ. ನಮ್ಮ ಗುಡಿಸಲು ನಿಂತ ನೆಲ ಅವನದು. ಅದನ್ನೇ ಹೇಳಿರಬೇಕು. ಹೊರಗೆ ಬರುವಾಗ ಸಾವ್ಕಾರ ಎಲ್ಲರಿಗೂ ಕೇಳುವಂತೆ ಅಂದ, "ನೀ ಮುಟ್ಟಿದ್ದಕ್ಕ ಗಾಡಿ ಕೆಟ್ಟದ. ನೀನ ಓಡಸು."

ತಮ್ಮ ನನ್ನ ಹತ್ತಿರ ಬಂದು ನಿಂತ. ನನ್ನ ಕೈ ಹಿಡಿದು ಸೀಳಿದ ಬೆರಳು ನೋಡಿದ.

"ಅಕ್ಕಾ, ಕೊಬ್ರಿ ಎಣ್ಣಿ ಹಚ್ಚು ಇದಕ್ಕ."

"ಹೋಗಬ್ಯಾಡೋ ದೇವ್ಯಾ."

"ಒಂದ ಲೋಡು. ಹತ್ತಲಿಲ್ಲ ಅಂದ್ರ ಅವರಿಗೇ ಗೊತ್ತಾಗ್ತದ."

ಅವರಿಗೆ ಗೊತ್ತಿಲ್ಲದ್ದಕ್ಕೆ ಹೀಗೆ ಆಗುತ್ತಿದೆ ಎಂದು ಅವನು ಕೊನೆಯ ತನಕ ನಂಬಿದ್ದ. ಅವನ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಖಣಿಯ ತಳದಿಂದ ಮೇಲಕ್ಕೆ ಒಂದೇ ದಾರಿ, ಕಡಿದಾದ ಏರು. ಒಂದು ಬದಿಗೆ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ಆಳ. ಏರಿನ ಬುಡದಲ್ಲಿ ಹೆಂಗಸರು ಕಲ್ಲು ಒಡೆಯುತ್ತಾರೆ. ನಾನು ಮೇಲೆ ಶೆಡ್ಡಿನಲ್ಲಿದ್ದೆ. ಎಂಜಿನ್ ಒದರುವುದು ಕೇಳಿಸಿತು. ಗಾಡಿ ಮೇಲೆ ಬರುತ್ತಿದ್ದರೆ ಆ ಸದ್ದು ಹತ್ತಿರವಾಗಬೇಕು. ಆಗಲಿಲ್ಲ. ನಿಂತಲ್ಲೇ ಚೀರುತ್ತಿತ್ತು. ನಾನು ಡ್ರಮ್ಮು ಒದ್ದು ಓಡಿದೆ.

ಏರಿನ ನಡುವೆ ತುಂಬಿದ ಟಿಪ್ಪರು ನಿಂತಿತ್ತು. ಆಮೇಲೆ ಹಿಂದಕ್ಕೆ ಸರಿಯಿತು. ಸುಟ್ಟ ಬ್ರೇಕು ಹಿಡಿಯಲಿಲ್ಲ. ದೇವಾನಂದ ಬಾಗಿಲು ತೆರೆದ. ಜಿಗಿಯುತ್ತಾನೆ ಅಂದುಕೊಂಡೆ. ಜಿಗಿಯಲಿಲ್ಲ. ಒಂದು ಕೈ ಸ್ಟೇರಿಂಗ್ ಮೇಲೆ, ಅರ್ಧ ಮೈ ಹೊರಗೆ, ಹಿಂದಕ್ಕೆ ತಿರುಗಿ ಒದರುತ್ತಿದ್ದ.

"ಸರೀರಿ! ಸರೀರಿ ಯವ್ವಾ, ಸರೀರಿ!"

ಬುಡದಲ್ಲಿದ್ದ ಬಾಳಮ್ಮ, ಅವಳ ಜೊತೆ ನರೋಣಾದಿಂದ ಕೂಲಿಗೆ ಬಂದ ಹೆಂಗಸರು ಸುತ್ತಿಗೆ ಬಿಸಾಕಿ ಓಡಿದರು. ಒಬ್ಬರಿಗೂ ಗಾಲಿ ತಾಗಲಿಲ್ಲ. ಅವರು ಸರಿಯುವ ತನಕ ಅವನು ಗಾಡಿಯನ್ನು ದಾರಿಯ ಮೇಲೆ ಇಟ್ಟಿದ್ದ. ಅವರು ಸರಿದ ಮೇಲೆ ಸ್ಟೇರಿಂಗ್ ತಿರುವಿದ. ಟಿಪ್ಪರು ಆಳದ ಕಡೆ ವಾಲಿ ಮಗುಚಿತು. ಕಲ್ಲೆಲ್ಲ ಕ್ಯಾಬಿನ್ನಿನ ಮೇಲೆ ಸುರಿಯಿತು.

ಕಲ್ಲು ತೆಗೆದದ್ದು ನಾವು. ಬಾಳಮ್ಮ, ನಾನು, ನೀರಿನ ಟ್ಯಾಂಕರು ಓಡಿಸುವ ನನ್ನ ಗಂಡ ಪೀರಪ್ಪ. ಎದೆಯಿಂದ ಕೆಳಗೆ ತಮ್ಮ ಉಳಿದಿರಲಿಲ್ಲ. ಮುಖ ಮಾತ್ರ ಚೆನ್ನಾಗಿತ್ತು. ಹೊದಿಸಲು ಒಂದು ಅರಿವೆ ಕೇಳಿದೆ. ಮೇಲೆ ನಿಂತವರು ಸಾವ್ಕಾರನ ಮುಖ ನೋಡಿದರು. ಯಾರೂ ಕೊಡಲಿಲ್ಲ. ನನ್ನ ಸೆರಗು ಹರಿದು ಹೊದಿಸಿದೆ. ಮಣ್ಣು ಮಾಡುವಾಗ ಪೆಟ್ಟಿಗೆಯಿಂದ ಆ ಬಿಳಿ ಅಂಗಿ ತೆಗೆದು ತೊಡಿಸಿದೆ. ತೋಳು ಮಾತ್ರ ಹಾಕಲು ಬಂತು.

ಅವನು ಕುಡಿದಿದ್ದ ಎಂದು ಸಾವ್ಕಾರ ಸುದ್ದಿ ಹಬ್ಬಿಸಿದ. ನನ್ನ ತಮ್ಮ ಚಹಾ ಕೂಡ ಕುಡಿಯುತ್ತಿರಲಿಲ್ಲ. ಗಾಡಿ ಚಲೋ ಇತ್ತು, ಕುಡಿದವನು ಬೀಳಿಸಿದ. ವಿಚಾರಿಸಲು ಬಂದ ಪೊಲೀಸರ ಮುಂದೆಯೂ ಅದೇ ಮಾತು. ಚಂದ್ರಾಮಪ್ಪನದು ಬೇರೆ ಮಾತು. ಪೂಜೆಯ ಗಾಡಿ ಮುಟ್ಟಿದ್ದಕ್ಕೆ ದೇವರು ತೋರಿಸಿದ ಎಂದ. ಮಗನದು ಸುಳ್ಳು, ಅಪ್ಪನದು ನಂಬಿಕೆ. ನಮ್ಮ ಪಾಲಿಗೆ ಎರಡೂ ಒಂದೇ ಕಡೆ ಹೊಡೆದವು.

ಕ್ರೇನು ತಂದು ಗಾಡಿ ಎತ್ತಿದರು. ಶೆಡ್ಡಿಗೆ ತಂದರು. ಕ್ಯಾಬಿನ್ ತೊಳೆ ಎಂದು ನನಗೇ ಹೇಳಿದರು. ಸೀಟಿನ ಹೊಲಿಗೆಯೊಳಗೆ ರಕ್ತ ಒಣಗಿ ಕೂತಿತ್ತು. ನಾನು ತೊಳೆದೆ. ಯಾಕೆ ತೊಳೆದೆ ಎಂದು ಕೇಳಬೇಡಿ. ಬೇರೆ ಯಾರಾದರೂ ಮೂಗು ಮುಚ್ಚಿಕೊಂಡು ಅದನ್ನು ತೊಳೆಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕ್ಯಾಬಿನ್ ಬಡಿದು ನೆಟ್ಟಗೆ ಮಾಡಿದರು, ಗಾಜು ಹಾಕಿಸಿದರು, ಬಣ್ಣ ಹೊಡೆಸಿದರು, ಬ್ರೇಕಿಗೆ ಹೊಸ ಲೈನರ್ ಕೂಡಿಸಿದರು. ಕಣ್ಣಿಗೆ ಕಾಣುವುದೆಲ್ಲ ಹೊಸದು. ಗೇರ್ ಬಾಕ್ಸಿನಲ್ಲಿ ಅವೇ ಪ್ಲೇಟುಗಳು, ಮೇಲೆ ಕೆಂಪು ಹೊಸ ಎಣ್ಣೆ. ಆದರೆ ಹೆಂಗಸರು ಖಣಿಗೆ ಇಳಿಯುವುದಿಲ್ಲ ಎಂದರು. ಸತ್ತವನ ಜಾಗ, ಭಯ ಎಂದರು. ಅದಕ್ಕೆ ಸಾವ್ಕಾರ ಏರಿನ ಬುಡದಲ್ಲೇ ಶಾಂತಿ ಪೂಜೆ ಇಟ್ಟ. ಪೂಜೆ ಮುಗಿದ ಕೂಡಲೇ ಅದೇ ಟಿಪ್ಪರು ತುಂಬಿದ ಲೋಡು ಹೊತ್ತು ಏರು ಹತ್ತಬೇಕು, ಮಂದಿಗೆ ಧೈರ್ಯ ಬರಬೇಕು. ಓಡಿಸಲು ಯಾರು?

ನನ್ನ ಗಂಡ ಪೀರಪ್ಪ ಕುಣಿಯುತ್ತಾ ಗುಡಿಸಲಿಗೆ ಬಂದ.

"ದೇವಾನಂದನ ಜಾಗಾ ನಂಗ ಕೊಟ್ಟಾರ. ಓಡಸೂದು ಅಂವನ ಕಲಿಸಿದ್ದ ನಂಗ. ಟ್ಯಾಂಕರ್ ಸಾಕು ಅಂದ್ರು ಸಾವ್ಕಾರ್ರು."

ನಾನು ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟು ಅಲ್ಲೇ ಬಿಟ್ಟೆ.

"ಆ ಜಾಗಾದಾಗ ಏನದ ಗೊತ್ತದೇನು ನಿಂಗ? ಆ ಪ್ಲೇಟ್ ನಾ ತೊಳದೀನಿ. ಅಂಟು ಇಲ್ಲ ಅವಕ್ಕ."

"ಹೊಸಾ ಎಣ್ಣಿ ಹಾಕ್ಯಾರ. ಬ್ರೇಕ್ ಹೊಸಾವು."

"ಬ್ರೇಕು ಎಷ್ಟ ದಿನಾ ಹಿಡೀತಾವ? ಹತ್ತೂ ಏರಿಗಿ ಬ್ರೇಕ್ ಏನ್ ಮಾಡ್ತದ?"

"ಮತ್ತ ಏನ್ ಮಾಡ್ಲಿ ಬೇ? ಒಲ್ಲೆ ಅಂದ್ರ ಗುಡಿಸಲಾ ಕೀಳ್ತಾರ. ಎಲ್ಲಿ ಹೋಗೋಣು?" ಕುಣಿದು ಬಂದದ್ದೆಲ್ಲ ಹೆದರಿಕೆಗೇ ಎಂದು ಆಗ ನನಗೆ ತಿಳಿಯಿತು. ಅವನ ಮುಂದೆ ರೊಟ್ಟಿ ಇಟ್ಟೆ. ಅವನು ತಿನ್ನಲಿಲ್ಲ, ನಾನೂ ತಿನ್ನಲಿಲ್ಲ.

ಪೂಜೆಯ ದಿನ ಎಲ್ಲರೂ ಖಣಿಯ ತಳಕ್ಕೆ ಇಳಿದರು. ಊರ ಹಿರಿಯರಿದ್ದರು, ಪೊಲೀಸ್ ಠಾಣೆಯ ಒಬ್ಬ ಜಮಾದಾರನೂ ಊಟಕ್ಕೆ ಬಂದಿದ್ದ. ಟಿಪ್ಪರು ತುಂಬಿ ನಿಂತಿತ್ತು, ಮೂತಿ ಏರಿನ ಕಡೆ. ಕುಂಬಳಕಾಯಿ ಒಡೆದರು. ಚಂದ್ರಾಮಪ್ಪ ತಾಮ್ರದ ಕೊಡ ಎತ್ತಿದ. ಹೂವು ಅದ್ದಿ ಗಾಲಿಗೆ ಚಿಮುಕಿಸಿದ, ಸೀಟಿಗೆ ಚಿಮುಕಿಸಿದ. ನಂತರ ಎಣ್ಣೆಯ ಕಡ್ಡಿ ಎಳೆದು ಕೊಳವೆಯೊಳಗೆ ಉಳಿದ ನೀರು ಸುರಿದ. ಈ ಸಲ ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಮಿಸ್ತ್ರಿ ಮುಖ ಗೋಡೆಗೆ ತಿರುಗಿಸಿ ನಿಂತ. ಜಗದೇವಪ್ಪ ನೆಲ ನೋಡಿದ.

"ಪೀರ್ಯಾ, ಹತ್ತು" ಎಂದ.

ನನ್ನ ಗಂಡ ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ನಾನು ಹೋಗಿ ಆ ಕೈ ಬಿಡಿಸಿದೆ. ನನ್ನ ಕೈ ಗಾಡಿಯ ಮೇಲೆ ಊರಿದೆ. ಹಸಿ ವಿಭೂತಿ, ಹಸಿ ಕುಂಕುಮ, ಎಲ್ಲದರ ಮೇಲೆ ನನ್ನ ಸೀಳಿದ ಅಂಗೈ ಪೂರ್ತಿ ಊರಿದೆ. ಮಂದಿ ಹೋ ಎಂದರು.

"ಇಂವ ಹತ್ತೂದಿಲ್ಲ" ಎಂದೆ.

"ಏ ಹುಚ್ಚಿ, ಸರಕೊಳ್ಳ ಬೇ!" ಎಂದು ಚಂದ್ರಾಮಪ್ಪ ಕೋಲು ಎತ್ತಿದ.

"ಹೊಡೀರಿ. ಹೊಡಸ್ಕೊಂಡ ಮ್ಯಾಲೂ ಇದನ್ನ ಹೇಳ್ತೇನಿ. ಗಾಡಿ ಚಲೋ ಅದ ಅಂತ ಊರ ತುಂಬ ಹೇಳೀರಿ. ನನ್ನ ತಮ್ಮ ಕುಡದು ಸತ್ತ ಅಂತ ಹೇಳೀರಿ. ಚಲೋ ಇದ್ದ ಗಾಡಿ ನಿಮ್ಮ ಶಾಂತಕುಮಾರ ಓಡಸಲಿ. ಕಲಿಸಿದಾಂವ ನನ್ನ ತಮ್ಮ. ಬಾಗಿಲಾ ತೆಗೀರಿ, ಟವಲ್ ಹಾಸ್ಕೊಂಡು ಕುಂದರ್ಲಿ."

ಶಾಂತಕುಮಾರನ ಮುಖ ಕೆಂಪಾಯಿತು. ನಾನು ನಡೆದು ಗಾಡಿಯ ಹಿಂದೆ ಹೋದೆ. ಹಿಂದಿನ ಗಾಲಿಗಳ ನೇರಕ್ಕೆ, ಏರಿನ ಬುಡದಲ್ಲಿ, ಬಾಳಮ್ಮನವರು ಕಲ್ಲು ಒಡೆಯುವ ಜಾಗದಲ್ಲಿ ನಿಂತೆ.

"ನಾ ಇಲ್ಲೇ ನಿಂದರ್ತೇನಿ. ಗಾಡಿ ಮ್ಯಾಲ ಹತ್ತಲಿ. ಹತ್ತಿತು ಅಂದ್ರ ನನ್ನ ತಮ್ಮ ಕುಡದಿದ್ದ ಅಂತ ನಾನ ಒಪ್ಕೊಂತೇನಿ, ಊರ ಬಿಟ್ಟು ಹೋಗ್ತೇನಿ."

ಮುದುಕನಿಗೆ ಸಂತೋಷವಾಯಿತು. ಅವನಿಗೆ ತನ್ನ ಕೊಡದ ಮೇಲೆ ಅಷ್ಟು ಭರವಸೆ.

"ಹತ್ತೋ ಶಾಂತೂ! ನಾ ತೀರ್ಥಾ ಹಾಕೀನಿ. ಏನಾಗ್ತದ ನೋಡೇ ಬಿಡೋಣು. ಇಕಿ ಸೊಕ್ಕು ಇಳೀಲಿ."

ಶಾಂತಕುಮಾರ ಹತ್ತಿದ. ಪಾಪ, ಆ ಹುಡುಗನಿಗೆ ಏನೂ ಗೊತ್ತಿರಲಿಲ್ಲ. ಗಾಡಿ ಚಲೋ ಇದೆ ಎಂದು ಅಪ್ಪ ಹೇಳಿದ್ದನ್ನು ಅವನೂ ನಂಬಿದ್ದ. ಎಂಜಿನ್ ಚಾಲೂ ಆಯಿತು. ಕರಿ ಹೊಗೆ ನನ್ನ ಮುಖಕ್ಕೆ ಬಡಿಯಿತು. ಗಾಲಿಗಳು ಒಂದಿಷ್ಟು ಮುಂದೆ ಸರಿದವು. ಏರಿನ ಮೊದಲ ಕಲ್ಲಿಗೆ ತಾಗಿ ನಿಂತವು. ಎಂಜಿನ್ ಒದರತೊಡಗಿತು. ಅದೇ ಸದ್ದು. ಆವತ್ತು ನಾನು ಶೆಡ್ಡಿನಲ್ಲಿ ಕೇಳಿದ್ದು ಅದೇ ಸದ್ದು.

ಜಗದೇವಪ್ಪ ಓಡಿದ. ಧೋತ್ರ ಕಾಲಿಗೆ ಸಿಕ್ಕಿ ಮುಗ್ಗರಿಸಿದ, ಎದ್ದು ಮತ್ತೆ ಓಡಿದ. ಬಾಗಿಲಿಗೆ ಜೋತುಬಿದ್ದ.

"ಇಳಿ! ಇಳಿಯಲೇ ಕೆಳಗ!"

"ಯಾಕಪ್ಪಾ? ಮುತ್ಯಾ ಹತ್ತು ಅಂದಾನ."

"ಮುತ್ಯಾಗ ಏನ್ ಗೊತ್ತು! ಗೇರ್ ಹಿಡಿಯೂದಿಲ್ಲ ಇದು, ಪ್ಲೇಟ್ ಹೋಗ್ಯಾವ! ಆ ನೀರು ಹಾಕಿದಾಗಿಂದ ಹೋಗ್ಯಾವ! ಅಂವ ಸತ್ತಂಗ ಸಾಯ್ತಿ, ಇಳಿ!"

ಕೊರಳಪಟ್ಟಿ ಹಿಡಿದು ಮಗನನ್ನು ಎಳೆದ. ಇಬ್ಬರೂ ಮಣ್ಣಿನಲ್ಲಿ ಬಿದ್ದರು. ಗಾಡಿ ಆ ಕಲ್ಲು ಏರಲೂ ಇಲ್ಲ, ಹಿಂದಕ್ಕೆ ಬರಲೂ ಇಲ್ಲ. ಮಗನ ತಲೆ ಎದೆಗೆ ಒತ್ತಿಕೊಂಡು ಜಗದೇವಪ್ಪ ಎಳೆಯ ಕೂಸಿನ ಹಾಗೆ ಅತ್ತ. ಚಂದ್ರಾಮಪ್ಪನ ಕೈಯಲ್ಲಿ ಖಾಲಿ ಕೊಡ ಇತ್ತು. ಅದನ್ನು ಎಲ್ಲಿಡಬೇಕು ಎಂದು ಅವನಿಗೆ ತಿಳಿಯಲಿಲ್ಲ. ಊರ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿದ್ದವರೆಲ್ಲ ಕೇಳಿದ್ದರು. ಜಮಾದಾರ ಕೊಬ್ಬರಿ ಅಗಿಯುತ್ತಿದ್ದ. ಅಗಿಯುವುದನ್ನು ನಿಲ್ಲಿಸಲಿಲ್ಲ.

ಬಾಳಮ್ಮ ಸುತ್ತಿಗೆ ಹಿಡಿದುಕೊಂಡು ಬಂದು ನನ್ನ ಪಕ್ಕ ನಿಂತಳು. ನರೋಣಾದ ಹೆಂಗಸರು ಬಂದರು. ನನ್ನ ಗಂಡ ಕೊನೆಗೆ ಬಂದ, ತಲೆ ತಗ್ಗಿಸಿಕೊಂಡು. ಮಿಸ್ತ್ರಿ ಗೋಡೆ ಬಿಟ್ಟು ಬರಲಿಲ್ಲ. ಅವನಿಗೆ ಮಗಳಿದ್ದಾಳೆ.

ನಮ್ಮ ಗುಡಿಸಲು ಆ ವಾರವೇ ಕಿತ್ತರು. ಈಗ ರಸ್ತೆಯ ಆಚೆ ಬದಿಗೆ ತಾಡಪತ್ರಿಯ ಗುಡಾರ ಕಟ್ಟಿಕೊಂಡಿದ್ದೇವೆ. ಪೊಲೀಸರು ಬರೆದದ್ದು ಏನು, ಬಿಟ್ಟದ್ದು ಏನು, ನನಗೆ ಯಾರೂ ಓದಿ ಹೇಳಿಲ್ಲ. ಆ ಟಿಪ್ಪರು ಇನ್ನೂ ಏರಿನ ಬುಡದಲ್ಲಿ ನಿಂತಿದೆ, ಹತ್ತುವವರಿಲ್ಲದೆ. ತಮ್ಮನ ಕೇಸು ಏನಾಯಿತು ಎಂದು ನಾನು ಕೇಳುತ್ತಲೇ ಇದ್ದೇನೆ, ಪ್ರತಿ ಕಚೇರಿಯ ಬಾಗಿಲಲ್ಲಿ ನಿಂತು ಕೇಳುತ್ತೇನೆ.

ಆದರೆ ರಾತ್ರಿ ಹಗಲು ನನ್ನ ಕಿವಿಯಲ್ಲಿ ನಿಂತಿರುವುದು ಬೇರೆ. ಎಂಜಿನ್ ಒದರುತ್ತಿತ್ತು. ಗಾಡಿ ಯಾವ ಗಳಿಗೆಯಲ್ಲಾದರೂ ಹಿಂದಕ್ಕೆ ಬರುವುದಿತ್ತು. ಅದು ಬರುತ್ತದೆ ಎಂದು ಜಗದೇವಪ್ಪನಿಗೆ ಗೊತ್ತಿತ್ತು. ಮಗನಿಗೆ ಇಳಿ ಎಂದ, ನೂರು ಸಲ ಇಳಿ ಎಂದ. ಗಾಡಿಯ ಹಿಂದೆ ನಾನು ನಿಂತಿದ್ದೆ. ನನಗೆ ಪಕ್ಕಕ್ಕೆ ಸರಿ ಎಂದು ಅವನು ಅನ್ನಲಿಲ್ಲ. ಸುತ್ತ ನಿಂತ ಅಷ್ಟು ಮಂದಿಯಲ್ಲಿ ಒಬ್ಬರೂ ಅನ್ನಲಿಲ್ಲ.

ಆ ಮಾತು ಒದರುವವನು ಒಬ್ಬನೇ ಇದ್ದ. ಅವನನ್ನು ಕೊಂದರು.